ತ್ಯಾಜ್ಯವಿಲ್ಲದ ಕೊಠಡಿಯ ಮೇಲೆ ಕೈಗೊಂಡ ಕ್ರಮ

ದೃಶ್ಯಕಲಾ ಶಿಕ್ಷಕರ ತರಬೇತಿ ಸಂಸ್ಥೆಯ ಮಣ್ಣಿನ ಕೊಠಡಿಯಲ್ಲಿ ಹತ್ತೊಂಬತ್ತು ವರ್ಷಗಳಿಂದ ಒಂದು ಗ್ರಾಂ ತ್ಯಾಜ್ಯವೂ ಉತ್ಪತ್ತಿಯಾಗಿಲ್ಲ ಎಂಬ ಗಂಭೀರ ಲೋಪ, ಕಲಾಶಿಕ್ಷಣದಲ್ಲಿ ಸುಸ್ಥಿರತೆಯನ್ನು ಅಳವಡಿಸುವ ಯೋಜನೆ ಜಾರಿಯಾದ ಮೂರನೆಯ ವಾರದಲ್ಲಿ ಬೆಳಕಿಗೆ ಬಂತು.

ಲೋಪಕ್ಕೆ ಹೊಣೆಯಾದವರು ಆ ಕೊಠಡಿಯ ಉಪನ್ಯಾಸಕಿ. ಸಂಸ್ಥೆಯಲ್ಲಿ ಎಲ್ಲರೂ ಅವರನ್ನು ಮಣ್ಣು ಮೇಡಂ ಎನ್ನುತ್ತಿದ್ದರು, ಎದುರಿಗೂ ಹಿಂದೆಯೂ. ಅವರ ಕೊಠಡಿಯ ಹಿಂಬದಿಯಲ್ಲಿ ಮೂರು ಸಿಮೆಂಟ್ ತೊಟ್ಟಿಗಳಿದ್ದವು. ಮೊದಲನೆಯದರಲ್ಲಿ ಮಣ್ಣು ನೆನೆಯುತ್ತಿತ್ತು, ಎರಡನೆಯದರಲ್ಲಿ ಕೆಸರಾಗಿ ತಳ ಹಿಡಿಯುತ್ತಿತ್ತು, ಮೂರನೆಯದರಲ್ಲಿ ಒದ್ದೆ ಗೋಣಿಯ ಕೆಳಗೆ ಹದಕ್ಕೆ ಬರುತ್ತಿತ್ತು. ನಾಳೆ ಶಾಲೆಗಳಿಗೆ ಹೋಗಿ ಮಕ್ಕಳಿಗೆ ಕಲಿಸಬೇಕಾದವರು ಅದನ್ನು ನಾದಿ ನಾದಿ ಕೈ, ಕಿವಿ, ಕೋಳಿ, ಮಲಗಿದ ನಾಯಿ, ಹೀಗೆ ಒಂದೊಂದಾಗಿ ಮಾಡಲು ಕಲಿಯುತ್ತಿದ್ದರು. ಅಂಕ ಬಿದ್ದ ಮೇಲೆ ಪ್ರತಿಯೊಬ್ಬರೂ ತಾವು ಮಾಡಿದ್ದನ್ನು ತಾವೇ ಒಡೆದು ಮೊದಲ ತೊಟ್ಟಿಗೆ ಹಾಕಬೇಕು. ಸುಡುವಂತಿಲ್ಲ, ಬಣ್ಣ ಬಳಿಯುವಂತಿಲ್ಲ, ಮನೆಗೆ ಒಯ್ದು ಷೋಕೇಸಿನಲ್ಲಿಡುವಂತಿಲ್ಲ. ಮೊದಲ ವರ್ಷದವರಲ್ಲಿ ಯಾರಾದರೊಬ್ಬರು ಒಡೆಯುವಾಗ ಅಳುವುದಿತ್ತು. ಮೇಡಂ ಅವರ ಪಕ್ಕ ನಿಂತು, "ಅಳ್ರಿ, ಪರವಾಗಿಲ್ಲ. ಆದ್ರೆ ತೊಟ್ಟಿ ಒಳಗೇ ಅಳ್ರಿ, ನೀರು ಸ್ವಲ್ಪ ಕಮ್ಮಿ ಇದೆ" ಎನ್ನುತ್ತಿದ್ದರು.

ಅವರು ಕೆಲಸಕ್ಕೆ ಸೇರಿದ ವರ್ಷ ತರಿಸಿದ ಎಂಟುನೂರ ನಲವತ್ತು ಕಿಲೋ ಜೇಡಿಮಣ್ಣೇ ಇಂದಿಗೂ ನಡೆದುಬಂದಿತ್ತು. ಕೈ ತೊಳೆಯುವ ಬಕೆಟ್ಟಿನ ಅಡಿಯ ಗಸಿಯನ್ನೂ ಅವರು ಬಿಡುತ್ತಿರಲಿಲ್ಲ. ಯಾವ ತಂಡ, ಯಾವ ತಿಂಗಳು, ಎಷ್ಟು ಬಕೆಟ್ ನೀರು, ಮಣ್ಣಿನ ತೂಕ ಎಷ್ಟು, ಎಲ್ಲವೂ ಉದ್ದನೆಯ ಪುಸ್ತಕವೊಂದರಲ್ಲಿ ದಿನಾಂಕ ಸಮೇತ ಇತ್ತು. ಹತ್ತೊಂಬತ್ತು ತಂಡಗಳ ಕೈ ಹಾದು ಆ ಮಣ್ಣು ಬೆಣ್ಣೆಯಂತಾಗಿತ್ತು. ನಿವೃತ್ತಿಯ ದಿನ ಅದನ್ನು ತೂಗಿ, ಮುಂದೆ ಬರುವವರಿಗೆ ಒಂದು ಹಿಡಿಯೂ ಕಡಿಮೆಯಾಗದಂತೆ ಒಪ್ಪಿಸಬೇಕೆಂಬುದು ಮೇಡಂ ಆಸೆ. ಬೇರೆ ಆಸ್ತಿಯ ಬಗ್ಗೆ ಅವರು ಅಷ್ಟು ತಲೆಕೆಡಿಸಿಕೊಂಡವರಲ್ಲ.

ಇಂಥ ಕೊಠಡಿಗೆ ಸುಸ್ಥಿರತೆ ಬಂತು.

ಅದು ಬಂದದ್ದು ಮುನ್ನೂರ ಹನ್ನೆರಡು ಪುಟಗಳ ಕೈಪಿಡಿಯಾಗಿ. ಒಂದೇ ಬದಿಗೆ ಮುದ್ರಣ, ಪುಟಕ್ಕೊಂದು ಪ್ಲಾಸ್ಟಿಕ್ ಹೊದಿಕೆ. ಪರಿಸರದ ವಿಷಯವಾದ್ದರಿಂದ ಬಹುಕಾಲ ಬಾಳಬೇಕಲ್ಲ. ಕೈಪಿಡಿಯ ಜೊತೆಗೆ ಸುಸ್ಥಿರತಾ ಸಂಯೋಜಕ ಎಂಬ ಹೊಸ ಹುದ್ದೆಯೂ ಬಂತು. ಆ ಹುದ್ದೆಗೆ ನೇಮಕಗೊಂಡವನು ಅದೇ ಸಂಸ್ಥೆಯಲ್ಲಿ ಅಕ್ಷರ ಬರೆಯುವುದನ್ನು ಕಲಿಸುತ್ತಿದ್ದ ಮೇಡಂ ಮೈದುನ. ಅಣ್ಣ ಅತ್ತಿಗೆ ಕೆಳಮನೆಯಲ್ಲಿ, ಅವನು ಮಹಡಿಯ ಮೇಲೆ. ದೂರದ ಊರಿನ ಹೋಟೆಲೊಂದರಲ್ಲಿ ಮೂರು ದಿನ ಸರಳ ಜೀವನದ ಬಗ್ಗೆ ತರಬೇತಿ ಪಡೆದು ವಿಮಾನದಲ್ಲಿ ಮರಳಿದ್ದ.

ಸಂಯೋಜಕನು ಪ್ರತಿ ವಿಭಾಗಕ್ಕೂ ಒಂದು ನಮೂನೆ ಕಳಿಸಿದ. ಒಂಬತ್ತನೆಯ ಕಾಲಂ: ವಿಭಾಗದಲ್ಲಿ ಉತ್ಪತ್ತಿಯಾದ ತ್ಯಾಜ್ಯ, ಕೆ.ಜಿ.ಗಳಲ್ಲಿ. ಹತ್ತನೆಯದು: ಅದರಲ್ಲಿ ಮರುಬಳಕೆಯಾಗಿ ಕಲಿಕೆಗೆ ಒದಗಿದ್ದು, ಕೆ.ಜಿ.ಗಳಲ್ಲಿ. ಮೇಡಂ ಎರಡೂ ಕಡೆ ದುಂಡಗೆ ಸೊನ್ನೆ ಬರೆದರು. ಸೊನ್ನೆ ಚೆನ್ನಾಗಿ ಬಂದಿದೆಯೇ ಎಂದು ಒಮ್ಮೆ ನೋಡಿಕೊಂಡರು ಕೂಡ. ಅವರ ಮಟ್ಟಿಗೆ ಅದು ಪ್ರಶಸ್ತಿಪತ್ರವೇ ಆಗಿತ್ತು.

ಹನ್ನೊಂದು ದಿನಗಳ ನಂತರ ಉತ್ತರ ಬಂತು:

"ತಮ್ಮ ವಿಭಾಗವು ಸುಸ್ಥಿರತಾ ಸೂಚ್ಯಂಕದಲ್ಲಿ ನೂರಕ್ಕೆ ಸೊನ್ನೆ ಅಂಕ ಗಳಿಸಿದ್ದು, ಮರುಬಳಕೆ ಮಾಡಲು ಅವಶ್ಯವಾದ ತ್ಯಾಜ್ಯವನ್ನು ಉತ್ಪಾದಿಸುವಲ್ಲಿ ಸತತ ಹತ್ತೊಂಬತ್ತು ವರ್ಷಗಳಿಂದ ನಿರ್ಲಕ್ಷ್ಯ ವಹಿಸಿರುವುದು ಕಂಡುಬಂದಿದೆ. ಮಾರ್ಚ್ ಅಂತ್ಯದೊಳಗೆ ಅರವತ್ತು ಟನ್ ಮರುಬಳಕೆ ಸಾಧಿಸತಕ್ಕದ್ದು. ತಪ್ಪಿದಲ್ಲಿ ಸದರಿ ಕೊಠಡಿಯನ್ನು ಪ್ರದರ್ಶನ ಸಭಾಂಗಣವಾಗಿ ಪರಿವರ್ತಿಸಿ, ತೊಟ್ಟಿಗಳನ್ನು ಒಡೆದು, ಅವುಗಳೊಳಗಿನ ಹಳೆಯ ಮಣ್ಣನ್ನು ಹೊರಹಾಕಲಾಗುವುದು."

ಕೆಳಗೆ ಮೈದುನನ ಸಹಿ.

ಮರುದಿನ ಭಾನುವಾರ. ಬೆಳಗಿನ ಚಹಾಕ್ಕೆ ಮೈದುನ ಎಂದಿನಂತೆ ಕೆಳಗಿಳಿದು ಬಂದ. ಮೇಡಂ ಲೋಟದ ಪಕ್ಕದಲ್ಲಿ ನೋಟಿಸನ್ನು ಇಟ್ಟರು.

"ಏನಪ್ಪ ಇದು?"

"ಸಿಕ್ತಾ ಅತ್ತಿಗೆ? ಬೇಗ ಬಂದಿದೆ."

"ಒಂದೇ ಮನೇಲಿ ಇದೀವಿ. ಮೆಟ್ಟಿಲಿಳಿದು ಹೇಳೋಕೆ ಆಗ್ತಿರ್ಲಿಲ್ವಾ?"

"ಇಲ್ಲಿ ಹೇಳಿದ್ರೆ ಅದು ಮಾತು ಅತ್ತಿಗೆ. ಅಲ್ಲಿಂದ ಬಂದ್ರೆ ಕ್ರಮ."

"ನಾನು ಏನನ್ನೂ ಬಿಸಾಕಲ್ಲ ಅನ್ನೋದಕ್ಕೆ ನನ್ನ ಮೇಲೆ ಕ್ರಮವಾ?"

"ಬಿಸಾಕದೇ ಇದ್ರೆ ಎತ್ತಿಕೊಳ್ಳೋದು ಏನನ್ನ? ಎತ್ತಿಕೊಂಡ್ರೆ ತಾನೇ ಮರುಬಳಕೆ? ನೀವು ಮಧ್ಯದ ಹಂತಾನೇ ಬಿಟ್ಟುಬಿಟ್ಟಿದೀರಿ. ನಿಮ್ಮೊಬ್ಬರಿಂದ ಇಡೀ ಸಂಸ್ಥೆಯ ಸರಾಸರಿ ಕೆಳಗೆ ಬಂದಿದೆ. ಪ್ರಾಂಶುಪಾಲರು ನನ್ನ ಮುಖ ನೋಡ್ತಾರೆ, ನಿಮ್ಮತ್ತಿಗೆ ಅಲ್ವಾ ಅಂತ."

ಅಣ್ಣನೆನಿಸಿಕೊಂಡವರು ಪತ್ರಿಕೆಯ ಹಿಂದಿನಿಂದ, "ಅವನು ಚಿಕ್ಕವನಿದ್ದಾಗ ತಟ್ಟೇಲಿ ಅರ್ಧ ಬಿಟ್ಟೇಳ್ತಿದ್ದ. ಆಗಲೇ ಗೊತ್ತಾಗಬೇಕಿತ್ತು, ಇದೇ ಇಲಾಖೆಗೆ ಹೋಗ್ತಾನೆ ಅಂತ" ಎಂದರು. ಮೈದುನ ಅದನ್ನು ಮೆಚ್ಚುಗೆಯೆಂದೇ ತೆಗೆದುಕೊಂಡ.

ಸೋಮವಾರ ಪ್ರಾಂಶುಪಾಲರು ಮೇಡಂ ಅವರನ್ನು ಕರೆಸಿ ಕೂರಿಸಿದರು. ಅವರು ಒಳ್ಳೆಯ ಮನುಷ್ಯರು. ಯಾವ ಸುತ್ತೋಲೆಗೂ ಇದುವರೆಗೆ ನೋವು ಮಾಡಿದವರಲ್ಲ.

"ಮೇಡಂ, ಪಕ್ಕದಲ್ಲೇ ವರ್ಣಚಿತ್ರ ವಿಭಾಗ ಇದೆ. ನೋಡಿ ಕಲೀರಿ" ಎಂದರು.

ವರ್ಣಚಿತ್ರ ವಿಭಾಗ ಆ ತಿಂಗಳು ಎಪ್ಪತ್ತೊಂದು ಅಂಕ ಗಳಿಸಿತ್ತು. ಪ್ಲಾಸ್ಟಿಕ್ ಬಾಟಲಿಯಿಂದ ಕಲಾಕೃತಿ ಎಂಬ ಪಾಠವಿತ್ತು. ಬಾಟಲಿ ಇರಲಿಲ್ಲ. ಉಗ್ರಾಣದವರು ಆರುನೂರು ಹೊಸ ನೀರಿನ ಬಾಟಲಿ ತರಿಸಿಕೊಟ್ಟರು. ತುಂಬಿದ ಬಾಟಲಿ ತ್ಯಾಜ್ಯವಾಗುವುದಿಲ್ಲವಾದ್ದರಿಂದ ಮೊದಲ ಅವಧಿಯಲ್ಲಿ ಎಲ್ಲರೂ ನೀರು ಕುಡಿದರು. ಎರಡನೆಯ ಅವಧಿಯಲ್ಲೂ ಕುಡಿದರು. ಮೂರನೆಯ ಅವಧಿಯಲ್ಲಿ ತರಗತಿಯಲ್ಲಿ ಯಾರೂ ಇರಲಿಲ್ಲ, ಶೌಚಾಲಯದ ಮುಂದೆ ಸಾಲು ನಿಂತಿತ್ತು. ಉಳಿದ ನಾನೂರ ಐವತ್ತು ಬಾಟಲಿಗಳ ನೀರನ್ನು ಚರಂಡಿಗೆ ಸುರಿದರು. ಸಂಜೆಯ ಹೊತ್ತಿಗೆ ಬಾಟಲಿಗಳೆಲ್ಲ ಒಂದು ದೊಡ್ಡ ನೀರಿನ ಹನಿಯ ಆಕಾರಕ್ಕೆ ಬಂದಿದ್ದವು. ಅದರ ಕೆಳಗೆ "ಪ್ರತಿ ಹನಿಯೂ ಅಮೂಲ್ಯ" ಎಂದು ಬರೆದಿತ್ತು. ಆ ಹನಿಯನ್ನು ಇಡಲು ಜಾಗ ಸಾಲದೆ ಜಗಲಿಯ ಎರಡು ಗಿಡಗಳನ್ನು ಕಿತ್ತಿದ್ದರು.

ಮೇಡಂ ಅದನ್ನು ಒಂದು ಸುತ್ತು ನೋಡಿ ಬಂದು, ತಮ್ಮ ಇಪ್ಪತ್ತನಾಲ್ಕು ಪ್ರಶಿಕ್ಷಣಾರ್ಥಿಗಳ ಮುಂದೆ ಏಪ್ರನ್ ಬಿಚ್ಚಿಟ್ಟು ಕುಳಿತರು. ಹಾಗೆ ಕೂರುವವರೇ ಅಲ್ಲ ಅವರು. ವಿಷಯವನ್ನು ಮುಚ್ಚುಮರೆಯಿಲ್ಲದೆ ಹೇಳಿದರು: ಅರವತ್ತು ಟನ್ ಆಗದಿದ್ದರೆ ಕೊಠಡಿ ಹೋಗುತ್ತದೆ, ಮಣ್ಣು ಹೋಗುತ್ತದೆ, ಮುಂದಿನ ವರ್ಷದಿಂದ ಮಣ್ಣು ಮುಟ್ಟದ ಕೈಗಳೇ ಮಕ್ಕಳಿಗೆ ಮಣ್ಣಿನ ಕೆಲಸ ಕಲಿಸುತ್ತವೆ.

ತರಗತಿಯಲ್ಲಿ ಒಬ್ಬಳಿದ್ದಳು. ಇಲ್ಲಿಗೆ ಬರುವ ಮೊದಲು ಆರು ವರ್ಷ ಸಾಗಣೆ ಕಂಪನಿಯಲ್ಲಿ ಗುಮಾಸ್ತೆಯಾಗಿದ್ದವಳು. ಗೆಳತಿಯರು ಅವಳನ್ನು ಗುಮಾಸ್ತೆ ಎಂದೇ ಕರೆಯುತ್ತಿದ್ದರು. ಅವಳು ಕೈಯಲ್ಲಿದ್ದ ಮಣ್ಣಿನ ಕಿವಿಯನ್ನು ಕೆಳಗಿಟ್ಟು ಕೈಪಿಡಿ ತಿರುವಿದಳು.

"ಮೇಡಂ, ತ್ಯಾಜ್ಯ ಅಂದ್ರೆ ಏನು ಅಂತ ಇದರಲ್ಲಿ ಎಲ್ಲೂ ಬರೆದಿಲ್ಲ. ವಿಭಾಗದ ಮುಖ್ಯಸ್ಥರು ನಿರುಪಯುಕ್ತ ಅಂತ ಸಹಿ ಹಾಕಿದ್ದು ತ್ಯಾಜ್ಯ, ಅಷ್ಟೇ. ಅದು ಗೇಟು ದಾಟಿ ಹೋಗಿ, ತೂಕದ ಚೀಟಿ ಸಮೇತ ಒಳಗೆ ಬಂದ್ರೆ ಮರುಬಳಕೆ."

"ಅಂದ್ರೆ?"

"ಅಂದ್ರೆ ನಮ್ಮ ಮಣ್ಣನ್ನ ಲಾರೀಲಿ ಹಾಕಿ ಊರು ಸುತ್ತಿಸ್ಕೊಂಡು ಬರೋದು. ಎಂಟುನೂರ ನಲವತ್ತು ಕಿಲೋ. ಎಪ್ಪತ್ತೆರಡು ಸುತ್ತು ಹೋದ್ರೆ ಅರವತ್ತು ಟನ್ ದಾಟುತ್ತೆ."

"ಅದೇ ಮಣ್ಣನ್ನೇ?"

"ಅದೇ ಮಣ್ಣನ್ನ ಎಪ್ಪತ್ತೆರಡು ಸಲ ಅಂತ ಕೇಳೋಕೆ ಕಾಲಂ ಇಲ್ಲ ಮೇಡಂ."

ಸಂಯೋಜಕ ಈ ಪ್ರಸ್ತಾವನೆಯನ್ನು ಮೂರು ಸಲ ಓದಿ ಕುರ್ಚಿಯಿಂದ ಎದ್ದು ನಿಂತುಬಿಟ್ಟ. "ಅತ್ತಿಗೆ, ಇದನ್ನ ಮೊದಲೇ ಹೇಳಬಾರದಿತ್ತಾ! ಇದು ಪೂರ್ತಿ ನಿಯಮದ ಪ್ರಕಾರ ಇದೆ" ಎಂದ. ಕಚೇರಿಯಲ್ಲಿ ಅವನು ಅವರನ್ನು ಅತ್ತಿಗೆ ಎಂದದ್ದು ಅದೇ ಮೊದಲು.

ಲಾರಿಗೆ ಟೆಂಡರ್ ಕರೆಯಲಾಯಿತು. ಮೂವರು ಭಾಗವಹಿಸಿದರು: ಪ್ರಾಂಶುಪಾಲರ ಬೀಗರು, ಬೀಗರ ತಮ್ಮ, ಬೀಗರ ಲಾರಿಯ ಡ್ರೈವರ್. ತೀವ್ರ ಪೈಪೋಟಿಯ ನಂತರ ಬೀಗರು ಗೆದ್ದರು.

ಮೊದಲ ದಿನ ನಿರುಪಯುಕ್ತತಾ ಪ್ರಮಾಣಪತ್ರ ಮೇಡಂ ಮೇಜಿಗೆ ಬಂತು. "ಈ ಕೆಳಗೆ ವಿವರಿಸಿದ ವಸ್ತುವು ಯಾವ ಉಪಯೋಗಕ್ಕೂ ಬಾರದೆಂದು, ಇನ್ನು ಮುಂದೆಯೂ ಬರಲಾರದೆಂದು ನಾನು ಖುದ್ದು ಪರಿಶೀಲಿಸಿ ದೃಢೀಕರಿಸುತ್ತೇನೆ." ವಿವರದ ಜಾಗದಲ್ಲಿ "ಜೇಡಿಮಣ್ಣು, 840 ಕೆ.ಜಿ." ಮೇಡಂ ಪೆನ್ನಿನ ಮುಚ್ಚಳ ತೆಗೆದರು. ಒಮ್ಮೆ ತೊಟ್ಟಿಯ ಕಡೆ ನೋಡಿದರು. ಒದ್ದೆ ಗೋಣಿ ಸರಿದಿದ್ದ ಕಡೆ ಮಣ್ಣು ಮಿನುಗುತ್ತಿತ್ತು, ಅದರ ಮೇಲೆ ಯಾರದೋ ಹೆಬ್ಬೆರಳಿನ ಗುರುತು. ಎದ್ದುಹೋಗಿ ಗೋಣಿ ಎಳೆದು ಮುಚ್ಚಿದರು. ಬಂದು ಸಹಿ ಹಾಕಿದರು. ಸಹಿ ಎಂದಿನಂತಿರಲಿಲ್ಲ, ಕಚೇರಿಯವರು ಹಿಂದಕ್ಕೆ ಕಳಿಸಿ ಇನ್ನೊಮ್ಮೆ ಸರಿಯಾಗಿ ಹಾಕಿಸಿಕೊಂಡರು.

ಹೀಗೆ ಮಣ್ಣು ದಿನಾ ಬೆಳಿಗ್ಗೆ ಹತ್ತಕ್ಕೆ ಹೊರಟು, ಊರಾಚೆಯ ತೂಕದ ಕಟ್ಟೆಗೆ ಹೋಗಿ, ಮಧ್ಯಾಹ್ನ ಮೂರರ ಹೊತ್ತಿಗೆ ಮರಳತೊಡಗಿತು. ಹೊರಡುವಾಗ ತ್ಯಾಜ್ಯ, ಬರುವಾಗ ಸಂಪನ್ಮೂಲ. ಬಿಸಿಲಿಗೆ ಒಣಗಿ ತೂಕ ಕಡಿಮೆಯಾಗುತ್ತದೆಂದು ದಿನಕ್ಕೊಂದು ಹೊಸ ಪ್ಲಾಸ್ಟಿಕ್ ಹಾಳೆ ಹೊದಿಸಿದರು. ಹರಿದ ಹಾಳೆ ಉತ್ತಮ ದರ್ಜೆಯ ತ್ಯಾಜ್ಯವಾದ್ದರಿಂದ ಅದಕ್ಕೂ ಅಂಕ ಬಂತು. ಲಾರಿಯ ಹೊಗೆಯ ಬಗ್ಗೆ ಮೇಡಂ ಒಮ್ಮೆ ಲಿಖಿತವಾಗಿ ವಿಚಾರಿಸಿದರು. ಹೊಗೆಯನ್ನು ಕೆ.ಜಿ.ಗಳಲ್ಲಿ ತೂಗಲು ಬರುವುದಿಲ್ಲ, ತೂಗಲು ಬಾರದ್ದು ಸೂಚ್ಯಂಕದ ವ್ಯಾಪ್ತಿಗೆ ಸೇರುವುದಿಲ್ಲ ಎಂಬ ಸ್ಪಷ್ಟನೆ ಸಿಕ್ಕಿತು.

ಪ್ರಶಿಕ್ಷಣಾರ್ಥಿಗಳು ಬೆಳಿಗ್ಗೆ ಮಣ್ಣು ಹತ್ತಿಸುತ್ತಿದ್ದರು, ಮಧ್ಯಾಹ್ನ ಇಳಿಸುತ್ತಿದ್ದರು. ನಡುವೆ ಅದರ ಬಗ್ಗೆ ಪ್ರಬಂಧ ಬರೆಯುತ್ತಿದ್ದರು. ನಾದುವುದಕ್ಕೆ ಸಮಯ ಉಳಿಯಲಿಲ್ಲ. ಆರಂಭದಲ್ಲಿ ಮೇಡಂ ಉದ್ದ ಪುಸ್ತಕದಲ್ಲಿ ಪ್ರತಿ ಸುತ್ತನ್ನೂ ಬರೆದರು. ನಲವತ್ತನೆಯ ಸುತ್ತಿನ ಹೊತ್ತಿಗೆ ಒಂದೇ ಸಲಕ್ಕೆ ಮೂವತ್ತು ಪ್ರಮಾಣಪತ್ರಗಳಿಗೆ ಮುಂಗಡವಾಗಿ ಸಹಿ ಹಾಕಿಟ್ಟರು. ದಿನಾ ಬೆಳಿಗ್ಗೆ ಅದೇ ಮಾತಿಗೆ ಸಹಿ ಹಾಕುವಾಗ ಚಹಾ ಆರಿಹೋಗುತ್ತಿತ್ತು.

ಫೆಬ್ರವರಿಯಲ್ಲಿ ಪ್ರಾಯೋಗಿಕ ಪರೀಕ್ಷೆ ಬಂತು. ಒಬ್ಬೊಬ್ಬರಿಗೆ ಮೂವತ್ತೈದು ಕಿಲೋ ಮಣ್ಣು, ನಾಲ್ಕು ಗಂಟೆ ಸಮಯ, ಒಂದು ಮಾದರಿ. ಮಣ್ಣನ್ನು ಒಂದು ದಿನದ ಮಟ್ಟಿಗೆ ಕೊಠಡಿಯಲ್ಲೇ ಇರಿಸಿಕೊಳ್ಳಲು ಅನುಮತಿ ಕೋರಿ ಮೇಡಂ ಅರ್ಜಿ ಕೊಟ್ಟರು. ಸಂಯೋಜಕ ಅರ್ಜಿಯ ಅಂಚಿನಲ್ಲೇ ಬರೆದ: "ಪ್ರಮಾಣೀಕೃತ ತ್ಯಾಜ್ಯವನ್ನು ತರಗತಿಯಲ್ಲಿ ಇಟ್ಟುಕೊಳ್ಳುವುದು ಪ್ರಶಿಕ್ಷಣಾರ್ಥಿಗಳ ಆರೋಗ್ಯದ ದೃಷ್ಟಿಯಿಂದ ಸಮಂಜಸವಲ್ಲ. ತಿರಸ್ಕರಿಸಿದೆ."

ಸಂಜೆ ಮೇಡಂ ಮೊದಲ ಬಾರಿಗೆ ಮಹಡಿ ಹತ್ತಿ ಹೋದರು.

"ನನ್ನ ಮಕ್ಕಳು ಪರೀಕ್ಷೆ ಎಲ್ಲಿ ಬರೀಬೇಕಪ್ಪ? ಗಾಳಿಯಲ್ಲಾ?"

"ಅತ್ತಿಗೆ, ಮಣ್ಣು ಇರೋ ಕಡೆ ನೀವು ಹೋಗಬಹುದು. ಬೇಡ ಅನ್ನೋ ನಿಯಮ ಎಲ್ಲೂ ಇಲ್ಲ."

"ಲಾರೀಲಾ?"

"ಲಾರಿ ಚೆನ್ನಾಗಿದೆ. ಪ್ರಾಂಶುಪಾಲರ ಬೀಗರದು."

ಮೇಡಂ ಅವನ ಮುಖವನ್ನು ದಿಟ್ಟಿಸಿ ನೋಡಿದರು. ಅಲ್ಲಿ ಕುಹಕವಿರಲಿಲ್ಲ, ಸಹಾಯ ಮಾಡಿದ ತೃಪ್ತಿಯಿತ್ತು. ಬಯ್ಯದೆ ಮೆಟ್ಟಿಲಿಳಿದರು.

ಪರೀಕ್ಷೆಯ ದಿನ ಇಪ್ಪತ್ತನಾಲ್ಕು ಮಂದಿ ಮಣ್ಣಿನ ಜೊತೆಗೆ ಲಾರಿ ಹತ್ತಿದರು. ಮೇಡಂ ಏಪ್ರನ್ ಬಿಗಿದು ಹಿಂಬಾಗಿಲ ಬಳಿ ನಿಂತರು. ಬೇರೆ ಊರಿನಿಂದ ಬಂದಿದ್ದ ಬಾಹ್ಯ ಪರೀಕ್ಷಕರು ಡ್ರೈವರ್ ಪಕ್ಕ ಕುಳಿತು, ಹಿಂದಿನ ಕಿಟಕಿಯಿಂದ ಮೇಲ್ವಿಚಾರಣೆ ನಡೆಸಿದರು. ಪ್ಲಾಸ್ಟಿಕ್ ಹೊದಿಕೆಯನ್ನು ಅಂದು ಮೇಡಂ ಕೊಠಡಿಯಲ್ಲೇ ಬಿಟ್ಟುಬರಲು ಹೇಳಿದ್ದರು. ವಿಷಯ: ಚಲನೆ.

ಎರಡು ತಿಂಗಳ ನಂತರ ಆ ಕೈಗಳು ಮಣ್ಣಿಗೆ ಬಿದ್ದವು. ಒಂದು ಹುಡುಗಿ ಓಡುವ ನಾಯಿ ಮಾಡುತ್ತಿದ್ದಳು; ಲಾರಿ ಹಳ್ಳಕ್ಕಿಳಿದಾಗ ನಾಯಿಯ ಮುಂಗಾಲು ಚಾಚಿಕೊಂಡು ಮೊದಲಿಗಿಂತ ಚೆನ್ನಾಯಿತು. "ಬಿಡು, ಅದನ್ನ ಮುಟ್ಟಬೇಡ!" ಎಂದು ಮೇಡಂ ಕೂಗಿದರು. ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ನಿಂತ ಬಸ್ಸಿನವರು ಇಣುಕಿ, "ಏನಮ್ಮಾ, ಎಲ್ಲಿಗೆ?" ಎಂದು ಕೇಳಿದರು.

"ಪರೀಕ್ಷೆ" ಎಂದಳು ಗುಮಾಸ್ತೆ, ತಲೆಯೆತ್ತದೆ.

"ಯಾವ ಸೆಂಟರ್?"

"ಇದೇ."

"ಒಳ್ಳೇದಾಗ್ಲಿ" ಎಂದು ಬಸ್ಸು ಮುಂದೆ ಹೋಯಿತು.

ಮೇಡಂ ಮುಖ ಗೆಲುವಾಗಿತ್ತು. ನಿಂತಲ್ಲೇ ಬಗ್ಗಿ ಒಬ್ಬಳ ಕುದುರೆಯ ಬೆನ್ನು ಒತ್ತಿ ತೋರಿಸಿದರು, ಇನ್ನೊಬ್ಬಳಿಗೆ ಕೈ ಒದ್ದೆ ಮಾಡಿಕೊಳ್ಳಲು ಹೇಳಿದರು. ಎರಡು ತಿಂಗಳ ಪಾಠ ನಾಲ್ಕು ಗಂಟೆಗಳಲ್ಲಿ ನಡೆಯಿತು. ತೂಕದ ಕಟ್ಟೆಯವನು ಯಾರನ್ನೂ ಇಳಿಯಲು ಹೇಳಲಿಲ್ಲ. ಲಾರಿ ನಿಂತಿತು, ಚೀಟಿ ಬಂತು, ಲಾರಿ ಹೊರಟಿತು. ಗೇಟಿನ ಬಳಿ ಪರೀಕ್ಷಕರು ಅಂಕ ಹಾಕಿದ ಮೇಲೆ ಎಲ್ಲರೂ ತಮ್ಮ ಮಾದರಿಗಳನ್ನು ತಾವೇ ಒಡೆದರು. ಅಂದು ಯಾರೂ ಅಳಲಿಲ್ಲ.

ಚೀಟಿಯಲ್ಲಿ 2,310 ಕೆ.ಜಿ. ಎಂದಿತ್ತು.

ಸಂಯೋಜಕ ಅದನ್ನು ಕಣ್ಣಿಗೆ ಒತ್ತಿಕೊಳ್ಳುವುದೊಂದು ಬಾಕಿ. ಒಂದೇ ಸುತ್ತಿನಲ್ಲಿ ಹಿಂದಿನ ಎರಡೂವರೆ ಸುತ್ತಿಗಿಂತ ಹೆಚ್ಚು! ವಾರದೊಳಗೆ ಸುತ್ತೋಲೆ ಹೊರಟಿತು. ಮಣ್ಣಿನ ವಿಭಾಗದ ಪಾಠಗಳೆಲ್ಲ ಇನ್ನು ಮುಂದೆ ಲಾರಿಯಲ್ಲೇ ನಡೆಯತಕ್ಕದ್ದು. ತೂಕಕ್ಕೆ ಕಾರಣವಾದ ಎಲ್ಲವನ್ನೂ ಪ್ರಮಾಣಪತ್ರದಲ್ಲಿ ಸೇರಿಸತಕ್ಕದ್ದು. ಕೊಠಡಿಯನ್ನು ಮಾದರಿ ಕೊಠಡಿಯೆಂದು ಘೋಷಿಸಿ ಯಥಾಸ್ಥಿತಿಯಲ್ಲಿ ಕಾಪಾಡತಕ್ಕದ್ದು. ತೊಟ್ಟಿ ಒಡೆಯುವ ಪ್ರಶ್ನೆಯೇ ಇಲ್ಲ. ಪ್ರಾಂಶುಪಾಲರು ಮೇಡಂ ಅವರನ್ನು ಕರೆಸಿ ಕೈಮುಗಿದರು. ಬೀಗರು ಎರಡನೆಯ ಲಾರಿ ಕೊಂಡರು. ವರ್ಣಚಿತ್ರ ವಿಭಾಗದವರು ತಮ್ಮನ್ನೂ ಹತ್ತಿಸಿಕೊಳ್ಳಬೇಕೆಂದು ಮನವಿ ಕೊಟ್ಟರು.

ಪರೀಕ್ಷೆಯ ದಿನದ ಪ್ರಮಾಣಪತ್ರ ತಿದ್ದುಪಡಿಯಾಗಿ ಮೇಡಂ ಮೇಜಿಗೆ ಬಂತು. ಈ ಕೆಳಗೆ ವಿವರಿಸಿದವು ಯಾವ ಉಪಯೋಗಕ್ಕೂ ಬಾರವೆಂದು, ಇನ್ನು ಮುಂದೆಯೂ ಬರಲಾರವೆಂದು. ಜೇಡಿಮಣ್ಣು, 840 ಕೆ.ಜಿ. ಪ್ರಶಿಕ್ಷಣಾರ್ಥಿಗಳು ಇಪ್ಪತ್ತನಾಲ್ಕು, 1,338 ಕೆ.ಜಿ. ಬಾಹ್ಯ ಪರೀಕ್ಷಕರು ಒಬ್ಬರು, 71 ಕೆ.ಜಿ. (ಹೊರಗಿನಿಂದ ತರಿಸಿದ್ದು). ಉಪನ್ಯಾಸಕಿ ಒಬ್ಬರು, 51 ಕೆ.ಜಿ.

ಮೇಡಂ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಓದಿದರು. ಹುಬ್ಬು ಗಂಟಿಕ್ಕಿದರು. ಇನ್ನೊಮ್ಮೆ ಓದಿ, ಬೆರಳು ಮಡಿಚುತ್ತಾ ಕೂಡಿಸಿದರು. ನಂತರ ಸಂಯೋಜಕನಿಗೆ ಫೋನ್ ಮಾಡಿದರು.

"ಇದಕ್ಕೆ ನಾನು ಸಹಿ ಹಾಕಲ್ಲ."

"ಅತ್ತಿಗೆ, ದಯವಿಟ್ಟು. ಎಲ್ಲಾ ಮುಗಿದಿದೆ, ಇದೊಂದು..."

"ಕೂಡಿಸಿದ್ರೆ ಎರಡು ಸಾವಿರದ ಮುನ್ನೂರು ಬರುತ್ತೆ. ಚೀಟೀಲಿ ಹತ್ತು ಕಿಲೋ ಜಾಸ್ತಿ ಇದೆ."

"ಹೌದಾ? ಹೇಗೆ?"

"ನನ್ನ ತೂಕ ಎಲ್ಲಿಂದ ತಗೊಂಡೆ?"

"ನಿಮ್ಮ ಸೇವಾ ಪುಸ್ತಕದಿಂದ."

"ಅದು ಸೇರಿದಾಗಿಂದು ಕಣೋ. ಈಗ ಅರವತ್ತೊಂದು. ಯಾವುದನ್ನ ಬರೆಯೋ ಮುಂಚೆಯೂ ಒಂದು ಮಾತು ಕೇಳಬೇಕು ಅಂತ ನಿಮಗ್ಯಾರಿಗೂ ಅನಿಸಲ್ವಾ?"

ಫೋನ್ ಇಟ್ಟು, 51ನ್ನು ಒಂದೇ ಗೆರೆಯಲ್ಲಿ ಹೊಡೆದು, ಮೇಲೆ ಅಚ್ಚುಕಟ್ಟಾಗಿ 61 ಎಂದು ಬರೆದರು. ತಿದ್ದಿದ ಕಡೆ ನಿಯಮದಂತೆ ಚಿಕ್ಕ ಸಹಿ, ದಿನಾಂಕ. ಮತ್ತೊಮ್ಮೆ ಕೂಡಿಸಿದರು. ಈಗ ಎಲ್ಲವೂ ತಾಳೆಯಾಯಿತು. ಕೆಳಗೆ ಪೂರ್ಣ ಸಹಿ ಹಾಕಿದರು. ಕಚೇರಿಯವರು ಈ ಸಲ ಒಂದೇ ಏಟಿಗೆ ಒಪ್ಪಿಕೊಂಡರು.